ಸೊನ್ನೆ ಬರೆಯಲು ಹೋಗುವವನ ಉಡುಪು

ಪುಷ್ಯದಲ್ಲಿ ಮಳೆ ಬರುವುದಿಲ್ಲ. ಗೊತ್ತು.
ಆದರೂ ಎಂಟೂವರೆಗೆ ಜೋಗಿಮಟ್ಟಿಯ ನೆತ್ತಿಯಲ್ಲಿ
ಮಳೆಮಾಪಕದ ಮುಚ್ಚಳ ತೆಗೆದು, ಬಗ್ಗಿ ನೋಡಿ,
ರಿಜಿಸ್ಟರಿನಲ್ಲಿ ಸೊನ್ನೆ ಬರೆಯಬೇಕು.
ಅದಕ್ಕೆ ದಿನಗೂಲಿ ಉಂಟು.
ಸೈಕಲ್ಲು ನನ್ನದು.

ಸೀಬಾರದಲ್ಲಿ ಆರಕ್ಕೆ ಇನ್ನೂ ಕತ್ತಲೆ.
ಗೂಟಕ್ಕೆ ತೂಗುವ ಬಟ್ಟೆಗಳ ಮುಂದೆ
ಮದುವೆಗೆ ಹೊರಟವನ ಹಾಗೆ ನಿಲ್ಲುತ್ತೇನೆ.

ಮೊದಲ ವರ್ಷ ತಿಳಿಯದೆ ಎಲ್ಲ ಏರಿಸಿದ್ದೆ:
ಬನಿಯನ್ನು, ಅದರ ಮೇಲೊಂದು ಬನಿಯನ್ನು, ಅಂಗಿ,
ಬಾವನ ಸ್ವೆಟರು, ಮಂಕಿ ಕ್ಯಾಪು, ಮಫ್ಲರು.
"ಮೂಟೆ ಸೈಕಲ್ ಹತ್ತಿತು ನೋಡ್ರೇ" ಅಂತ ನಕ್ಕಳು ಇವಳು.
ಮೂರನೇ ತಿರುವಿಗೇ ಬೆವರು.
ನೆತ್ತಿಯಲ್ಲಿ ಗಾಳಿ.
ಒದ್ದೆ ಹತ್ತಿಯ ಮೇಲೆ ಆ ಗಾಳಿ ಕೂತರೆ
ಯಾರೋ ಬೆನ್ನಿಗೆ ಕೋಟೆಯ ಕಲ್ಲು ಒರಗಿಸಿದಂತೆ.
ಆವತ್ತು ಪುಟದಲ್ಲಿ ಸೊನ್ನೆಯೂ ನಡುಗಿ ಬಾಲ ಬಿಟ್ಟಿತು,
ಆಫೀಸಿನವರು ಆರು ಎಂದು ಓದಿಕೊಂಡರು.
ಪುಷ್ಯದಲ್ಲಿ ಆರು ಮಿಲಿಮೀಟರು!
ಮೆಮೋ ಬಂತು.

ನನಗಿಂತ ಮುಂಚೆ ಹನ್ನೊಂದು ವರ್ಷ
ಇದೇ ಸೊನ್ನೆ ಬರೆದ ಓಬಳಯ್ಯ
ಬೀಡಿ ಹಚ್ಚಿಕೊಳ್ಳುತ್ತ ಹೇಳಿದ್ದು ಇಷ್ಟೇ:
"ಹೊರಡೋವಾಗ ಸ್ವಲ್ಪ ಚಳಿ ಆಗ್ಬೇಕು ಕಣಪ್ಪಾ.
ಬಾಗ್ಲಾಗೇ ಬೆಚ್ಚಗಿದ್ದೋನು
ಬೆಟ್ಟದ ಮ್ಯಾಲೆ ಸಾಯ್ತಾನೆ."

ಈಗ ಮೈಗೆ ಹತ್ತಿ ತಾಗಿಸುವುದಿಲ್ಲ.
ದೊಡ್ಡದಾಯಿತೆಂದು ಮಗಳು ಬಿಟ್ಟ ಖೋ-ಖೋ ಜರ್ಸಿ ಒಳಗೆ,
ತೆಳ್ಳನೆ ನೈಲಾನು, ಬೆನ್ನಿಗೆ ಏಳನೇ ನಂಬರು.
ಮೇಲೆ ಕರಿ ಕಂಬಳಿಯ ತೋಳಿಲ್ಲದ ಅಂಗಿ,
ಚಳ್ಳಕೆರೆಯ ಸೋದರತ್ತೆ ಮೈಲಮ್ಮ ಹೊಲಿದು ಕೊಟ್ಟದ್ದು.
ಚುಚ್ಚುತ್ತದತ್ತೆ, ಎಂದರೆ
"ಕಂಬಳೀಲಿ ಉಂಡು ಕೂದಲು ಆರಿಸ್ಬೇಡ" ಅನ್ನುತ್ತಾಳೆ.
ನೆನೆದರೂ ಕಾವು ಬಿಡದ ಕುರಿಯ ಹಟ ಅದರಲ್ಲಿದೆ.
ಅದರ ಮೇಲೆ ಖಾಕಿ, ಸರ್ಕಾರಕ್ಕಾಗಿ.
ಕಾಲ್ಚೀಲಕ್ಕೆ ಹಾಲಿನ ಕವರು,
ತುದಿ ಕತ್ತರಿಸಿದ ಹಳೆಯ ಕಾಲ್ಚೀಲ ಕೈಗೆ,
ಬ್ರೇಕು ಹಿಡಿಯುವಷ್ಟು ಬೆರಳು ಹೊರಗೆ.
ಮಫ್ಲರಿನಿಂದ ಬಲಗಿವಿ ಬಿಟ್ಟಿರುತ್ತೇನೆ,
ಹೈವೇ ದಾಟುವವರೆಗೆ ಅದು ಲಾರಿಗಳ ಪಾಲು.

ಏರು ಸುರುವಾಗುವಲ್ಲಿ ಇಳಿದು
ಬೆವರುವ ಮೊದಲೇ ಬಿಚ್ಚುತ್ತೇನೆ.
ಖಾಕಿ, ಕಂಬಳಿ, ಮಫ್ಲರು, ಎಲ್ಲ ಕ್ಯಾರಿಯರಿಗೆ.
ಬರಿ ಜರ್ಸಿಯಲ್ಲಿ, ಹಲ್ಲು ಕಟಕಟ ಎನ್ನುತ್ತ,
ಸ್ವಲ್ಪ ತುಳಿದು, ಸ್ವಲ್ಪ ತಳ್ಳಿ.
ಕಾರಿನವರು ಗಾಜು ಎರಡು ಬೆರಳು ಇಳಿಸಿ
"ಅಂಕಲ್, ಚಳಿ ಆಗಲ್ವಾ?"
ಆಗ್ತದೆ ಸಾರ್,
ಇಳಿಯೋವಾಗ.

ಮೇಲೆ ಗಾಳಿಯಂತ್ರಗಳು ಮಂಜಿನಲ್ಲಿ
ಒಂದೊಂದೇ ರೆಕ್ಕೆ ತೋರಿಸಿ ಅಡಗಿಸುತ್ತವೆ.
ಮಾಪಕದೊಳಗೆ ಇವತ್ತು ಒಂದು ಜೇಡ.
ಅದನ್ನು ಎಷ್ಟು ಮಿಲಿಮೀಟರು ಎಂದು ಬರೆಯಲಿ?
ಕಡ್ಡಿಯಿಂದ ಎತ್ತಿ ಕಲ್ಲಿನ ಮೇಲೆ ಬಿಟ್ಟೆ,
ಬಾಲವಿಲ್ಲದ ದುಂಡನೆ ಸೊನ್ನೆ ಬರೆದೆ.

ಈಗ ಒಂದೊಂದಾಗಿ ಮತ್ತೆ ತೊಡಬೇಕು,
ಇಳಿಜಾರು ಕಾಯುವುದಿಲ್ಲ.
ಕಂಬಳಿಗೂ ಜರ್ಸಿಗೂ ನಡುವೆ
ನಿನ್ನೆಯ ಪತ್ರಿಕೆ, ನಾಲ್ಕು ಮಡಿಕೆ, ಎದೆಯಗಲ.
(ಇದೂ ಓಬಳಯ್ಯನದೇ. ಪುರವಣಿ ಬೇಡ,
ನುಣ್ಣನೆ ಕಾಗದ ಜಾರುತ್ತದೆ ಎನ್ನುತ್ತಿದ್ದ.)
ಮಡಚುವಾಗ ಕಣ್ಣಿಗೆ ಬಿತ್ತು,
ಅಡಿಕೆ ಧಾರಣೆಯ ಕೆಳಗೆ, ಇರುವೆಯಷ್ಟು ಅಕ್ಷರದಲ್ಲಿ:
ಜೋಗಿಮಟ್ಟಿ ೦.೦.
ಮೊನ್ನೆ ನಾನು ಬರೆದದ್ದು.

ಅದನ್ನೇ ಒಳಮುಖ ಮಾಡಿ ಎದೆಗಿಟ್ಟು
ಗುಂಡಿ ಹಾಕಿ ಬ್ರೇಕು ಬಿಟ್ಟೆ.
ಕಣ್ಣಲ್ಲಿ ನೀರು, ಮೂಗಲ್ಲಿ ನೀರು,
ಪತ್ರಿಕೆಯಾಚೆ ಗಾಳಿ ಬಂದು ಬಡಿಬಡಿದು ಹೋಯಿತು.

ಸಂಜೆ ಜರ್ಸಿ ನೆನೆಹಾಕುತ್ತ ಇವಳು ಬೈಯುತ್ತಾಳೆ,
ಮಸಿ ಹತ್ತಿದೆ, ಅಕ್ಷರವೆಲ್ಲ ಉಲ್ಟಾ, ಏನೂ ಓದಕ್ಕಾಗಲ್ಲ ಎಂದು.
ಸೊನ್ನೆ ಓದಬಹುದಲ್ಲ, ಅಂದೆ.
ಸಾಬೂನು ತರಲು ಒಳಗೆ ಹೋದಳು.