ರೊಬಸ್ಟಾ, ಸ್ತ್ರೀಲಿಂಗ

ವಿರಾಜಪೇಟೆಯ ಇಗರ್ಜಿಯ ಹಿಂದಿನ ಕೋಣೆ.
ಫಾದರ್ ಬೋನಿಫಾಸರಿಗೆ ಕಾಫಿಪುಡಿ ಕೊಡಲು ಹೋಗಿದ್ದೆ.
ಪೊಟ್ಟಣದ ಮೇಲೆ ನನ್ನದೇ ಅಕ್ಷರ: ರೊಬಸ್ಟಾ, ಅರ್ಧ ಕಿಲೋ.
ಕನ್ನಡಕ ಹಣೆಗೇರಿಸಿ ನಕ್ಕರು.
‘ಇದು ಹೆಸರಲ್ಲ ಮಾರಾಯ, ವಿಶೇಷಣ.
ಲ್ಯಾಟಿನ್ನು. ಗಂಡಾದರೆ ರೊಬುಸ್ತುಸ್,
ಹೆಣ್ಣಾದರೆ ರೊಬುಸ್ತಾ.
ಬೇರು ರೋಬುರ್. ಅಂದರೆ ಓಕ್ ಮರ,
ಮರದ ಚೇಗು, ಆಮೇಲೆ ಚೇಗಿನಂಥ ಬಲ.
ಇಂಗ್ಲಿಷರು ಬಾಲ ಕತ್ತರಿಸಿ ರೊಬಸ್ಟ್ ಅಂದರು.
ಈಗ ಪೇಪರು ಬಿಡಿಸಿದರೆ ಎಲ್ಲವೂ ರೊಬಸ್ಟ್,
ಬ್ಯಾಂಕು, ಬಜೆಟ್ಟು, ಯಾರದೋ ಎಂಬತ್ತರ ಆರೋಗ್ಯ.
ನಿಮ್ಮ ಕಾಫಿಗೆ ಮಾತ್ರ ಬಾಲ ಉಳಿದಿದೆ.’
ಬಾಗಿಲವರೆಗೆ ಬಂದು ಮತ್ತೊಂದು ಮಾತು:
‘ರೋಮಿನಲ್ಲಿ ಸೆರೆಮನೆಯ ತಳದ ಕತ್ತಲಿಗೂ
ಅದೇ ಪದ. ರೋಬುರ್.’

ನಾನು ಅಮ್ಮತ್ತಿಯ ತೋಟವೊಂದರ ರೈಟರ್.
ನನ್ನ ವ್ಯಾಕರಣ ತಕ್ಕಡಿಯದ್ದು.
ಕನ್ನಡದ ವಿಶೇಷಣಕ್ಕೆ ಗಂಡುಹೆಣ್ಣಿಲ್ಲ:
ದೊಡ್ಡ ಸಾಹುಕಾರ, ದೊಡ್ಡ ಸೊಸೆ, ದೊಡ್ಡ ಮೂಟೆ,
ಅದೇ ದೊಡ್ಡ.

ಬೈಕಿನಲ್ಲಿ ಬರುವಾಗ ಎರಡೂ ಕಡೆ ಸಿಲ್ವರ್ ಓಕು,
ಸೊಂಟದವರೆಗೂ ಮೆಣಸಿನ ಬಳ್ಳಿ ಉಟ್ಟುಕೊಂಡು.
ಅದು ಓಕೇ ಅಲ್ಲ,
ಆಸ್ಟ್ರೇಲಿಯಾದಿಂದ ಬಂದು
ಇನ್ನೊಂದು ಮರದ ಹೆಸರಲ್ಲಿ ನಿಂತಿದೆ.
ಓಕಲ್ಲದ ಓಕಿನ ನೆರಳಿಗೆ
ಓಕಿನ ಹೆಸರು ಹೊತ್ತ ಗಿಡ.

ಸಂಜೆ ತೂಕ.
ಬೊಳ್ಳಿ ಮೂಟೆ ಇಳಿಸಿದಳು. ಐವತ್ತೆರಡು.
ರವಿಕೆಯ ತೋಳಿಂದ ಚಗಳಿ ಕೊಡವಿಕೊಳ್ಳುತ್ತ ನಿಂತಳು.
ತಡೆಯಲಾಗದೆ ಹೇಳಿದೆ,
ಮರ, ಚೇಗು, ಬಾಲ,
ಸೆರೆಮನೆಯೊಂದನ್ನು ಬಿಟ್ಟು ಎಲ್ಲ.
ಎಲೆಯಡಿಕೆ ಒಂದು ದವಡೆಗೆ ಒತ್ತಿ ಕೇಳಿದಳು.
‘ಗಟ್ಟಿಗಿತ್ತಿ ಅಂತ ತಾನೆ?
ಅಷ್ಟು ಹೇಳೋಕೆ ಅಷ್ಟೆತ್ತರ ಯಾಕೆ ಹತ್ತಿದಿರಿ?’

ಗಟ್ಟಿಗಿತ್ತಿ.
ಬಾಲವಿದೆಯಲ್ಲ ನಮ್ಮಲ್ಲೂ!
ಸೂಲಗಿತ್ತಿ, ಅಗಸಗಿತ್ತಿ, ಒಕ್ಕಲಗಿತ್ತಿ.
ಬಲ್ಲವರು ಅದು ನಾಮಪದ ಅಂದಾರು. ಇರಲಿ.
ಇಪ್ಪತ್ತಾರು ವರ್ಷ ಹಾಜರಿ ಬರೆದ ಕೈ,
ಒಮ್ಮೆಯೂ ಆ ಪದ ಬರೆದಿರಲಿಲ್ಲ.

ಗೋಣಿಯ ಲೆಕ್ಕ, ನೀರಿನ ಲೆಕ್ಕ ಅಂತ
ಎರಡು ಕಿಲೋ ಕಳೆಯುವುದು ವಾಡಿಕೆ.
ಐವತ್ತು, ಬರೆದೆ.
ಬೊಳ್ಳಿ ಮುಳ್ಳನ್ನು ನೋಡಿದಳು,
ಪುಸ್ತಕ ನೋಡಿದಳು,
ಎಲೆಯಡಿಕೆ ಇನ್ನೊಂದು ದವಡೆಗೆ ದಾಟಿಸಿ ಕೇಳಿದಳು:

‘ಐವತ್ತೆರಡಕ್ಕೆ ಆ ಭಾಷೇಲಿ
ಏನಂತಾರೆ, ರೈಟ್ರೆ?’