ಬಾಗಿ ತೋರಿಸು

(ಅರ್ಜೆಂಟೀನಾದ ರೊಸಾರಿಯೋದಲ್ಲಿ ದರ್ಜಿ ನೆಲಿದಾ, ಟ್ಯಾಂಗೋ ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ)

ಕೈ ಎತ್ತು. ಹಾಗಲ್ಲ ಮಾರಾಯ,
ಪೊಲೀಸರ ಮುಂದೆ ಎತ್ತಿದ ಹಾಗಲ್ಲ,
ನಿನ್ನ ಆ ಡಬಲ್ ಬೇಸನ್ನು ತಬ್ಬುತ್ತೀಯಲ್ಲ, ಹಾಗೆ.
ಕಂಕುಳಲ್ಲಿ ಎರಡು ಬೆರಳು ಬಟ್ಟೆ ಹೆಚ್ಚು ಬಿಡುತ್ತೇನೆ.
ಕನ್ನಡಿಯಲ್ಲಿ ಸೊಟ್ಟ ಕಾಣುತ್ತದೆ, ಕಾಣಲಿ.
ಕನ್ನಡಿ ಟಿಕೆಟ್ ಕೊಂಡು ಬರುವುದಿಲ್ಲ.

ಕಪ್ಪು ಅಂದರೆ ಒಂದೇ ಕಪ್ಪಲ್ಲ.
ನೀನು ತಂದ ಈ ಅಗ್ಗದ ಕಪ್ಪು
ವೇದಿಕೆಯ ದೀಪ ಬಿದ್ದೊಡನೆ ಪಾಚಿಯ ಹಸಿರಾಗುತ್ತದೆ.
ಪಿಟೀಲಿನವರ ಕಾಲರಿಗೆ ಎಡಗಡೆ ಗುಂಡಿ ಕೂಡದು.
ಹಾಡುವ ದೊರಾಲಿಸಾಗೆ ಸೊಂಟದಲ್ಲಿ ಒಂದು ಗುಟ್ಟಿನ ನೆರಿಗೆ ಇಟ್ಟಿದ್ದೇನೆ,
ನೀಳ ಸ್ವರಕ್ಕೆ ಉಸಿರು ಎಳೆದಾಗ ಮಾತ್ರ ಬಿಚ್ಚಿಕೊಳ್ಳುತ್ತದೆ.
ನೋಡಿದವರು ಅದನ್ನೂ ಹಾಡೇ ಅಂದುಕೊಳ್ಳುತ್ತಾರೆ.

ಸೋತದ್ದು ಒಸ್ಮಾರನ ಪ್ಯಾಂಟಿನ ಮುಂದೆ.
ಬಂದೋನಿಯೋನಿನ ತಿದಿ ಮಂಡಿಯ ಮೇಲೆ
ಅಗಲಿಸಿ, ಮಡಚಿ, ಅಗಲಿಸಿ
ಮೂರು ತಿಂಗಳಿಗೊಂದು ತೂತು.
ಕೊನೆಗೆ ನನ್ನ ಸ್ಕರ್ಟಿನಿಂದಲೇ
ಒಂದು ಚೌಕ ಮಖಮಲ್ಲು ಕತ್ತರಿಸಿ ಕೊಟ್ಟೆ, ಹಾಸಿಕೋ ಅಂತ.
ಯಾವ ಸ್ಕರ್ಟು ಎಂದು ಕೇಳಬೇಡ.

ಜೀನ್ಸ್ ಸಾಲದೇ ಅಂತೀಯ?
ಊಟ ತನ್ನಿಚ್ಛೆ, ನೋಟ ಪರರಿಚ್ಛೆ:
ನಾನೂ ಇಷ್ಟೇ ಉತ್ತರ ಕೊಡುತ್ತಿದ್ದೆ,
ರಫಾಯೇಲಾದ ಆ ರಾತ್ರಿಯ ತನಕ.

ಜನ ಅಲ್ಲಿ ಇಳಿದರು,
ಬಸ್ಸಿನ ಹೊಟ್ಟೆಯಲ್ಲಿದ್ದ ಹನ್ನೊಂದು ಸೂಟು
ಇಳಿಯದೆ ಕೊರ್ದೊಬಾಕ್ಕೆ ಹೋದವು.
ಸ್ವೆಟರಿನಲ್ಲಿ ಒಬ್ಬ, ಮಗನ ಮಳೆಕೋಟಿನಲ್ಲಿ ಇನ್ನೊಬ್ಬ,
ಪಿಯಾನೋದ ರುಬೆನ್ ಮೈಮೇಲೆ ಫುಟ್‌ಬಾಲ್ ಅಂಗಿ, ನೀಲಿ-ಹಳದಿ,
ಸಭೆಯಲ್ಲಿ ಅರ್ಧ ಜನ ಕೆಂಪು-ಕಪ್ಪಿನ ಕಡೆಯವರು.
ಒಬ್ಬ ಶಿಳ್ಳೆ ಹೊಡೆದ. ಯಾರೋ ನಕ್ಕರು.
ಒಸ್ಮಾರ್ ಕೇಳಿಸದವನಂತೆ ಜೇಬಿನಿಂದ ಮಖಮಲ್ಲು ತೆಗೆದು
ಹಬ್ಬದೂಟದ ಮೇಜಿಗೆ ಹಾಸುವ ಹಾಗೆ
ನಾಲ್ಕೂ ಮೂಲೆ ತೀಡಿ ಮಂಡಿಗೆ ಹಾಸಿದ.

ಆಮೇಲೆ ನುಡಿಸಿದರು ನೋಡು.
ಕೊನೆಯ ಸಾಲಲ್ಲಿ ಕೂತಿದ್ದೆ ನಾನು.
ನನ್ನ ಹೊಲಿಗೆಯೊಳಗಿದ್ದು ಒಮ್ಮೆಯೂ
ಅಷ್ಟು ಚೆನ್ನಾಗಿ ನುಡಿಸಿರಲಿಲ್ಲ ಅವರು.
ಹೊಟ್ಟೆ ಉರಿಯಿತು. ಹೌದು,
ಸಂಗೀತ ಕೇಳಿ ಹೊಟ್ಟೆ ಉರಿದವಳು ನಾನು.
ಹತ್ತೊಂಬತ್ತು ವರ್ಷ ಯಾರಿಗಾಗಿ ಕಣ್ಣು ಸವೆಸಿದೆ,
ನಾಳೆಯೇ ಯಂತ್ರ ಮಾರುತ್ತೇನೆ,
ಗಿರಾಕಿ ಯಾರೆಂದು ಯೋಚಿಸುತ್ತಿರುವಾಗ
ಹಾಡು ಮುಗಿಯಿತು.

ಚಪ್ಪಾಳೆ ಬಂತು. ಎದ್ದು ನಿಂತರು.
ಆಗ ನೋಡಬೇಕಿತ್ತು ನೀನು.
ಕೈ ಎಲ್ಲಿಡುವುದೆಂದು ಒಬ್ಬನಿಗೂ ತಿಳಿಯದು.
ಸ್ವೆಟರಿನವ ತೋಳು ಎಳೆದುಕೊಂಡ,
ರುಬೆನ್ ಎದೆಯ ಲಾಂಛನಕ್ಕೆ ಅಂಗೈ ಮುಚ್ಚಿದ,
ಕಮಾನು ಹಿಡಿಯಲು ಬಲ್ಲ ಬೆರಳುಗಳಿಗೆ
ಸುಮ್ಮನಿರಲು ಬಾರದು.
ದಾರಿ ತಪ್ಪಿ ಬೇರೆಯವರ ಮದುವೆಗೆ ಬಂದವರ ಹಾಗೆ
ಅರ್ಧ ಬಾಗಿ, ಅರ್ಧ ಓಡಿ, ಪರದೆಯ ಹಿಂದೆ ಸೇರಿದರು.
ಒಸ್ಮಾರನೂ. ಮಖಮಲ್ಲು ಕುರ್ಚಿಯ ಕೆಳಗೆ ಬಿದ್ದಿತ್ತು.
ಜನ ಕೊಡುತ್ತಲೇ ಇದ್ದರು,
ತೆಗೆದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ನುಡಿಸುವುದಕ್ಕೆ ನನ್ನ ಸೂಟು ಬೇಡ, ಫೆರ್ಮಿನ್.
ನುಡಿಸಿ ಮುಗಿದ ಮೇಲಿನ ಅರ್ಧ ನಿಮಿಷಕ್ಕೆ ಬೇಕು.
ಆ ಅರ್ಧ ನಿಮಿಷವನ್ನೇ ಇಷ್ಟು ವರ್ಷ ಹೊಲಿಯುತ್ತಿದ್ದೆ,
ನನಗೇ ಗೊತ್ತಿರಲಿಲ್ಲ.

ಬೂಟು ಕಿರುಗುಟ್ಟಬಾರದು.
ಜೇಬಲ್ಲಿ ಬೀಗದ ಕೈ ಬೇಡ, ಚಿಲ್ಲರೆ ಬೇಡ.
ಬಾಗಿ ಏಳುವವನ ಬೆನ್ನನ್ನು
ಪಕ್ಕದ ಬಾಲ್ಕನಿಯ ಬಡವರು ಪೂರ್ತಿ ನೋಡುತ್ತಾರೆ, ನೆನಪಿರಲಿ.
ಎಲ್ಲಿ, ಬಾಗಿ ತೋರಿಸು.
ಇನ್ನೂ.
ಹೆದರಬೇಡವೋ,
ಹರಿದರೆ ಇಲ್ಲೇ ಹರಿಯಲಿ.