ಎರಡು ನಿಮಿಷ

ಬುಧವಾರ ಮೈಸೂರಿನಿಂದ ಕಣ್ಣಿನ ಡಾಕ್ಟರು ಬರುತ್ತಾರೆ,
ಹಣೆಗೆ ದೀಪ ಕಟ್ಟಿಕೊಳ್ಳುತ್ತಾರೆ.
ತಲೆ ಹಿಡಿಯುವ ಕೆಲಸ ನನ್ನದು.

ಶಿವರತ್ನಳ ಮಗು. ಹೆಸರಿನ್ನೂ ಇಟ್ಟಿಲ್ಲ,
ಕಾಲಿನ ಪಟ್ಟಿಯ ಮೇಲೆ ಅವ್ವನ ಹೆಸರೇ.
ಇಪ್ಪತ್ತೊಂಬತ್ತು ವಾರಕ್ಕೇ ಹೊರಬಂದವಳು.

ಮುಂಚೆ, ರೆಪ್ಪೆಗೆ ತಂತಿ ಸಿಕ್ಕಿಸಿ
ಸೀದಾ ಕಣ್ಣು ಬಿಡಿಸುತ್ತಿದ್ದೆವು.
‘ಅಳಲಿ ಬಿಡಿ, ಇದೆಲ್ಲ ನೆನಪಿರುತ್ತಾ?’
ಎಂದವಳು ನಾನೇ.
ಮಾನಿಟರು ಮಾತ್ರ ಎಣಿಸುತ್ತಿತ್ತು:
ತೊಂಬತ್ತೈದು, ಎಂಬತ್ತೆರಡು, ಎಪ್ಪತ್ತು.
ಒಮ್ಮೊಮ್ಮೆ ಉಸಿರೇ ನಿಂತು
ಅಂಗಾಲು ತಟ್ಟುತ್ತಿದ್ದೆ.

ಈಗ ಮೊದಲು ಕಿಟಕಿಗೆ ಪರದೆ.
ಕಣ್ಣಿಗೆ ಮರಗಟ್ಟಿಸುವ ಹನಿ.
ಅವ್ವನ ಹಳೇ ಸೀರೆಯ ತುಂಡಿನಲ್ಲಿ
ಕೈ ಎದೆಗೆ ಬರುವಂತೆ ಸುತ್ತಿ,
ನಾಲಗೆಗೆ ಸಕ್ಕರೆ ನೀರು, ಎರಡೇ ತೊಟ್ಟು.
ಆಮೇಲೆ ಎರಡು ನಿಮಿಷ ಕಾಯುವುದು.
ಡಾಕ್ಟರೂ ಕಾಯುತ್ತಾರೆ, ದೀಪ ಆರಿಸಿ.

‘ಮಂಡ್ಯದಲ್ ಸಕ್ರೆಗೇನ್ ಬರ ಸಿಸ್ಟರ್,
ಇನ್ನೆಲ್ಡು ತೊಟ್ಟು ಬುಡಿ’
ಬಾಗಿಲಾಚೆಯಿಂದ ಶಿವರತ್ನ.
ಹೊರಗೆ ಕಬ್ಬಿನ ಲಾರಿ ಗೇರು ಬದಲಿಸುವ ಸದ್ದು.

ದೀಪ ಬಂತು. ತಂತಿ ಬಂತು.
ಅತ್ತಳು. ಸುಳ್ಳೇಕೆ, ಅತ್ತೇ ಅತ್ತಳು.
ಆದರೆ ಅಂಕಿ ಎಂಬತ್ತೆಂಟಕ್ಕೆ ನಿಂತಿತು.
ಬಟ್ಟೆಯೊಳಗಿಂದ ಹೇಗೋ ನುಸುಳಿದ ಬೆರಳು,
ಬೆಂಕಿಕಡ್ಡಿಗಿಂತ ತುಸು ದಪ್ಪ,
ನನ್ನ ಹೆಬ್ಬೆಟ್ಟಿಗೆ ಸಿಕ್ಕಿಕೊಂಡಿತು.

‘ರಕ್ತನಾಳ ಇನ್ನೂ ಅಂಚು ಮುಟ್ಟಿಲ್ಲ,
ಎರಡು ವಾರ ಬಿಟ್ಟು ನೋಡೋಣ.’
ಅಂದರೆ ಇನ್ನೊಮ್ಮೆ.

ಮುಂಚಿನ ಆ ಮಕ್ಕಳು
ಈಗ ಸ್ಲೇಟು ಹಿಡಿದಿರಬೇಕು, ಕನ್ನಡಕ ಹಾಕಿರಬೇಕು ಕೆಲವರು.
ನನ್ನ ಕೈ ಗುರುತು ಹತ್ತಲಿಕ್ಕಿಲ್ಲ.

ಶಿವರತ್ನ ರವಿಕೆ ಸಡಿಲಿಸಿ
ಮಗುವನ್ನು ಎದೆಗೆ ಅವುಚಿಕೊಂಡಳು.
ಮುಂದಿನದು ಗಂಡು, ಕಿಟಕಿ ಪಕ್ಕದ ತೊಟ್ಟಿಲು.
ತೊಟ್ಟು ಬಿಟ್ಟೆ,
ಗಡಿಯಾರ ನೋಡಿದೆ.